ಎರಡು ಹಿಡಿಕೆಯ ಆ್ಯಂಪ್

"ಇದೇನ್ರಿ, ಇಡ್ಲಿ ಹಿಟ್ಟು ರುಬ್ಬೋ ಗ್ರೈಂಡರ್ ಏನು?"

ಜೋಗೇಶ್ವರಿಯ ಹಳೆಯ ಇಂಡಸ್ಟ್ರಿಯಲ್ ಎಸ್ಟೇಟ್ ಒಂದರ ಮೆಟ್ಟಿಲ ಬುಡದಲ್ಲಿ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ ಸೃಜನ್ ತಿರುಗಿ ನೋಡಿದ. ಬೆನ್ನಿಗೆ ಕೀಬೋರ್ಡಿನ ಚೀಲ ಹಾಕಿಕೊಂಡ ಹುಡುಗಿ. ಮುಖ ಗಂಭೀರವಾಗಿತ್ತು, ಕಣ್ಣು ಮಾತ್ರ ನಗುತ್ತಿದ್ದವು.

"ಗ್ರೈಂಡರ್ ಅಲ್ಲ, ಬಾಸ್ ಗಿಟಾರಿನ ಸದ್ದು ಹೆಚ್ಚಿಸುವ ಆ್ಯಂಪ್. ನಾನು ಕನ್ನಡದವ ಅಂತ ನಿಮಗೆ ಹೇಗೆ ಗೊತ್ತಾಯ್ತು?"

"ಈಗ ಲಿಫ್ಟಿಗೆ ಬೈದ್ರಲ್ಲ, ಎಂತ ಕರ್ಮ ಮಾರಾಯ ಅಂತ. ಮುಂಬೈದಾಗ ಮಂದಿ ಎಲ್ಲಾ ಹಿಂದ್ಯಾಗ ಮಾತಾಡ್ತಾರ, ಬೈಯೂದು ಮಾತ್ರ ಮನಿ ಭಾಷಾದಾಗ."

ಅವಳು ಸ್ನೇಹಲ್. ಅವನ ಬ್ಯಾಂಡಿಗೆ ಅಂದೇ ಸೇರಲು ಬಂದಿದ್ದ ಕೀಬೋರ್ಡ್ ವಾದಕಿ. ಧಾರವಾಡ ಮೂಲದ ಮನೆ, ಹುಟ್ಟಿ ಬೆಳೆದದ್ದು ಭಾಂಡುಪ್. ಕೆಟ್ಟುಹೋದ ಲಿಫ್ಟನ್ನು ಒಮ್ಮೆ ನೋಡಿ, ಹೇಳದೆ ಕೇಳದೆ ಆ್ಯಂಪಿನ ಒಂದು ಪಕ್ಕದ ಹಿಡಿಕೆಗೆ ಕೈಹಾಕಿದಳು. "ನಡೀರಿ ಶೆಟ್ರ, ಎತ್ರಿ." ಮಂಗಳೂರು ಕಡೆಯವರೆಲ್ಲ ಅವಳಿಗೆ ಶೆಟ್ಟರೇ.

ಮೂವತ್ತೆಂಟು ಕಿಲೋ, ಮೂರು ಮಹಡಿ. ಒಳಗೆ ಕಬ್ಬಿಣದ ದೊಡ್ಡ ಟ್ರಾನ್ಸ್‌ಫಾರ್ಮರ್, ಗಾಜಿನ ವಾಲ್ವುಗಳು, ದಪ್ಪ ಪ್ಲೈವುಡ್ಡಿನ ಪೆಟ್ಟಿಗೆ. ಮಾಡಿದವನು ಇಬ್ಬರು ಎತ್ತಲಿ ಎಂದೇ ಎರಡು ಪಕ್ಕಕ್ಕೂ ಹಿಡಿಕೆ ಇಟ್ಟಿದ್ದ.

ಆಮೇಲಿನ ಒಂದು ವರ್ಷ, ಪ್ರತಿ ಭಾನುವಾರ ಬೆಳಿಗ್ಗೆ ಅವಳು ಆ ಮೆಟ್ಟಿಲ ಬುಡದಲ್ಲಿ ಕಾಯುತ್ತಿದ್ದಳು. ಪ್ರತಿ ತಿರುವಿನಲ್ಲೂ ಆ್ಯಂಪನ್ನು ಇಳಿಸಿ ಉಸಿರು ಬಿಡುವುದು ರೂಢಿಯಾಯಿತು. ಆ ಉಸಿರುಗಳ ನಡುವೆಯೇ ಬಹುವಚನ ಕಳಚಿಬಿತ್ತು.

"ನಿನ್ನ ಕಡೀ ತಂತಿ ಸ್ವರದ ಅಲಿ ಎಷ್ಟುದ್ದ ಅಂದಿ?"

"ಅಲೆಯಾ? ಎಂಟು ಮೀಟರ್ ಚಿಲ್ಲರೆ." ಸೃಜನ್ ಮಾಟುಂಗಾದ ಕಾಲೇಜೊಂದರ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದ. ಅಳತೆ ಕೇಳಿದರೆ ಸುಮ್ಮನಿರುವುದು ಅವನಿಂದಾಗದು.

"ಹಂಗಾದ್ರ ನೀ ಒಂದು ಸ್ವರ ಬಾರಿಸಿದ್ರ ಅದು ನಮ್ಮ ರಿಹರ್ಸಲ್ ಖೋಲಿನ್ಯಾಗ ಹಿಡಿಸೂದಽ ಇಲ್ಲ. ಅದಕ್ಕ ಎದಿ ಒಳಗ ಬಂದು ಕೂಡ್ತದೇನೋ."

ಹೇಳಿದವಳು ಕಣ್ಣು ಬೇರೆ ಕಡೆ ತಿರುಗಿಸಿದಳು. ಹಣೆಯ ಮೇಲೆ ಬಿದ್ದ ಕೂದಲನ್ನು ಬಾಯಿಂದ ಊದಿ ಸರಿಸಿದಳು. ಎರಡೂ ಕೈ ಹಿಡಿಕೆಯಲ್ಲಿದ್ದವು. ಆ ಕೂದಲನ್ನು ತಾನೇ ಸರಿಸಬೇಕೆಂದು ಅವನಿಗೆ ಎಷ್ಟು ಸಲ ಅನ್ನಿಸಿತ್ತೋ! ಅವನ ಕೈಯೂ ಹಿಡಿಕೆಯಲ್ಲೇ ಇರುತ್ತಿತ್ತು.

ರಿಹರ್ಸಲ್ ಮುಗಿದ ಮೇಲೆ ಆ್ಯಂಪಿಗಾಗಿ ಟ್ಯಾಕ್ಸಿ ಬೇಕಾಗುತ್ತಿತ್ತು. ಅವಳನ್ನು ಭಾಂಡುಪ್ ಲೋಕಲಿಗೆಂದು ದಾದರ್‌ನಲ್ಲಿ ಇಳಿಸಿ ಅವನು ವಡಾಲದ ಮನೆಗೆ ಹೋಗುತ್ತಿದ್ದ. ಟ್ರಾಫಿಕ್ ಹೆಚ್ಚಿದ್ದಷ್ಟೂ ಇಬ್ಬರಿಗೂ ಒಳ್ಳೆಯದಿತ್ತು.

ಮೇ ತಿಂಗಳಲ್ಲಿ ಒಂದು ದಿನ ಮೆಟ್ಟಿಲ ತಿರುವಿನಲ್ಲಿ ಅವಳ ಮಣಿಕಟ್ಟು ಉಳುಕಿತು. ಮೂರು ವಾರ ಪಟ್ಟಿ ಕಟ್ಟಿಕೊಂಡು ಒಂದೇ ಕೈಯಲ್ಲಿ ಕೀಬೋರ್ಡ್ ನುಡಿಸಿದಳು. ಸೃಜನ್ ಆ ಮೂರು ವಾರ ಸರಿಯಾಗಿ ನಿದ್ದೆ ಮಾಡಲಿಲ್ಲ. ಬೆರಳುಗಳಿಂದಲೇ ಬದುಕುವ ಹುಡುಗಿ, ತನ್ನ ಪೆಟ್ಟಿಗೆ ಹೊತ್ತು ಕೈ ಕಳೆದುಕೊಂಡರೆ?

ಅವನು ಅಂಗಡಿಗೆ ಹೋದ. ಹೊಸ ಬಗೆಯ ಆ್ಯಂಪ್ ನಿಘಂಟಿನಷ್ಟೇ ದೊಡ್ಡದು, ಮೂರು ಕಿಲೋ ಕೂಡ ಇಲ್ಲ. ಜೊತೆಯ ಸ್ಪೀಕರನ್ನು ಒಂದೇ ಕೈಯಲ್ಲಿ ಎತ್ತಬಹುದು. ಒಮ್ಮೆ ಇದರಲ್ಲಿ, ಒಮ್ಮೆ ಹಳೆಯ ಮಾದರಿಯದರಲ್ಲಿ ಅದೇ ಸ್ವರ ನುಡಿಸಿದ. ಹೊಸದರ ಸದ್ದು ಸ್ವಚ್ಛ, ಚುರುಕು. ಹಳೆಯದರದು ತುಸು ಮಬ್ಬು, ಆದರೆ ನಿಂತಮೇಲೂ ಎಲ್ಲೋ ಉಳಿದಂತೆ. ಒಂದು ಗಂಟೆ ಕೇಳಿದರೂ ತೀರ್ಮಾನವಾಗಲಿಲ್ಲ. ಅವಳಿಗೆ ಫೋನ್ ಮಾಡಿದ.

"ಅಂಗಡಿಯಲ್ಲಿದ್ದೇನೆ. ಎರಡು ನಮೂನೆ ಉಂಟು. ದೊಡ್ಡದನ್ನೇ ಇಟ್ಟುಕೊಳ್ಳಲಾ, ಸಣ್ಣದು ತಗೊಳ್ಳಲಾ? ನೀನೇ ಹೇಳು ಮಾರಾಯ್ತಿ."

ಅವಳು ಲೋಕಲಿನಲ್ಲಿದ್ದಳು. ಗದ್ದಲದ ನಡುವೆ ಎರಡೇ ಮಾತು ಕೇಳಿಸಿದವು. "ಹಗೂರ ತಗೋ, ಸೃಜನ್." ಫೋನ್ ಕಟ್ಟಾಯಿತು.

ಹಗುರದ್ದು ತಗೋ. ಅಷ್ಟು ಬೇಗ, ಯೋಚಿಸದೆಯೇ ಹೇಳಿದಳಲ್ಲ! ಅಂದರೆ ಹೊತ್ತು ಹೊತ್ತು ಬೇಸತ್ತಿದ್ದಾಳೆ, ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೇ. ಅವನು ನೊಂದುಕೊಂಡ. ಆ ನೋವಿನಲ್ಲೇ ಹಳೆಯದನ್ನು ಅಂಗಡಿಗೆ ಕೊಟ್ಟು ಹೊಸದನ್ನು ತಂದ.

ಮುಂದಿನ ಭಾನುವಾರ ಹಾರ್ಬರ್ ಲೈನಿನ ಲೋಕಲಿನಲ್ಲಿ ಬಂದು, ಸ್ಟೇಷನ್ನಿಗೆ ಹತ್ತಿರದ ಹಿಂದಿನ ಗೇಟಿನ ಮೆಟ್ಟಿಲಿನಿಂದ ಒಬ್ಬನೇ ಮೂರು ಮಹಡಿ ಹತ್ತಿದ. ಇಪ್ಪತ್ತು ನಿಮಿಷದ ನಂತರ ಸ್ನೇಹಲ್ ಮೇಲೆ ಬಂದಳು.

"ನಾ ಕೆಳಗ ಕಾಯಾಕತ್ತಿದ್ದೆ."

"ಇನ್ನು ಕಾಯುವುದು ಬೇಡ," ಎಂದ ಅವನು, ಉಪಕಾರ ಮಾಡಿದವನ ಹಾಗೆ. "ಇದಕ್ಕೆ ನಾನೊಬ್ಬನೇ ಸಾಕು."

ಅವಳು ಆ ಪುಟ್ಟ ಆ್ಯಂಪನ್ನು ನೋಡಿದಳು, ಅವನನ್ನು ನೋಡಿದಳು. "ಛಲೋ ಆತು," ಎಂದಳು. ಅಂದಿನಿಂದ ಟ್ಯಾಕ್ಸಿ ತಪ್ಪಿತು; ಮನೆಗೆ ಮರಳಲು ಅವಳಿಗೆ ವೆಸ್ಟರ್ನ್ ಲೈನಿನ ರೈಲು, ಅವನಿಗೆ ಹಾರ್ಬರ್ ಲೈನಿನದು. ಮಾತು ಸ್ವರ, ತಾಳ, ಸಮಯ ಇಷ್ಟಕ್ಕೆ ಇಳಿಯಿತು. ಡಿಸೆಂಬರಿನಲ್ಲಿ ನಾಸಿಕದ ಅನಿಕೇತ್ ಎಂಬವನ ಜೊತೆ ಅವಳ ನಿಶ್ಚಿತಾರ್ಥವಾಯಿತು. ಬ್ಯಾಂಡಿನವರೆಲ್ಲ ಜಿಲೇಬಿ ತಿಂದರು. ಸೃಜನ್ ಕೂಡ ತಿಂದ.

ಬ್ಯಾಂಡಿನಲ್ಲಿ ಅವಳ ಕೊನೆಯ ಭಾನುವಾರ ತಾಯಿ ಗಂಗುಬಾಯಿಯೂ ಬಂದರು. ಮಗಳು ಇಷ್ಟು ದಿನ ಎಲ್ಲಿ ಬಾರಿಸುತ್ತಿದ್ದಳು ಎಂದು ನೋಡಬೇಕಿತ್ತಂತೆ. ಮೂರನೆಯ ಮಹಡಿಯ ಕಟಾಂಜನದ ಬಳಿ ನಿಂತಿದ್ದ ಸೃಜನ್‌ಗೆ ಕೆಳಗಿನಿಂದ ಸ್ನೇಹಲಳ ದನಿ ಕೇಳಿಸಿತು.

"ಹಗೂರ, ಅವ್ವಾ. ಹಗೂರ ಹತ್ತು. ಗಡಿಬಿಡಿ ಏನಿಲ್ಲ."

ಅವನು ಕಟಾಂಜನವನ್ನು ಗಟ್ಟಿಯಾಗಿ ಹಿಡಿದುಕೊಂಡ.

ರಿಹರ್ಸಲ್ ಮುಗಿಯಿತು. ಗಂಗುಬಾಯಿ ಮೂಲೆಯಲ್ಲಿ ಡ್ರಮ್ಮರಿನ ಜೊತೆ ಮರಾಠಿಯಲ್ಲಿ ಹರಟುತ್ತ ಚಹಾ ಕುಡಿಯುತ್ತಿದ್ದರು. ಸ್ನೇಹಲ್ ಕೇಬಲ್ ಸುತ್ತುತ್ತಿದ್ದಳು. ಸೃಜನ್ ಪಕ್ಕದಲ್ಲಿ ಕುಳಿತ.

"ಹಗೂರ ಅಂದರೆ ಎಂತ?"

"ಹಗೂರ ಅಂದ್ರ ಹಗೂರ. ಸಾವಕಾಶ. ನಿಮ್ಮ ಕಡೆ ಏನಂತೀರಿ, ನಿಧಾನ. ಯಾಕ?"

"ಆ ದಿನ ಅಂಗಡಿಯಿಂದ ಫೋನ್ ಮಾಡಿದ್ದೆನಲ್ಲ. ಹಗೂರ ತಗೋ ಅಂದಿದ್ದೆ ನೀನು."

"ಹೌದು. ಅವಸರ ಮಾಡಬ್ಯಾಡ, ಭಾನುವಾರ ಕೂತು ಮಾತಾಡೂಣು ಅನ್ನೂದ್ರಾಗ ರೇಂಜ್ ಹೋತು." ಅವಳ ಕೈ ನಿಂತಿತು. "ನೀ ಏನಂತ ತಿಳ್ಕೊಂಡಿ?"

"ಹಗುರ ಅಂದರೆ ನಮ್ಮಲ್ಲಿ ತೂಕ ಕಡಿಮೆ ಅಂತ. ಅಷ್ಟೇ."

ಅವಳ ಕೈಯಲ್ಲಿದ್ದ ಕೇಬಲ್ಲಿನ ಸುತ್ತು ಬಿಚ್ಚಿಹೋಯಿತು, ಗಮನಿಸಲಿಲ್ಲ.

"ಹುಚ್ಚಪ್ಪ," ಎಂದಳು. "ನಾ ಆ ಭಾನುವಾರ ಕೆಳಗ ನಿಂತು ನಿನಗ ಹೇಳಬೇಕಂತ ಇದ್ದೆ. ಮನ್ಯಾಗ ಹುಡುಗನ್ನ ನೋಡಾಕತ್ತಾರ, ನೀ ಏನಾರ ಮಾತಾಡು ಅಂತ. ನೀ ನೋಡಿದ್ರ, ನಾನೊಬ್ಬನ ಸಾಕು ಅಂದಿ."

"ನಿನ್ನ ಕೈ ನೋಯಬಾರದು ಅಂತ ತಂದೆ, ಸ್ನೇಹಲ್. ನನಗೆ ನೀನು ಅಂದರೆ..." ಇಷ್ಟು ದಿನ ಒಳಗೇ ಇದ್ದ ಮಾತು. ಈಗಲೂ ಅರ್ಧವೇ ಹೊರಬಂತು.

"ಗೊತ್ತೈತಿ. ಈಗ ಪೂರಾ ಹೇಳಬ್ಯಾಡ." ಅವಳ ಕಣ್ಣು ತುಂಬಿದ್ದವು, ದನಿ ಸ್ಥಿರವಾಗಿತ್ತು. "ಅನಿಕೇತ್ ಛಲೋ ಮನಷ್ಯಾ. ಅವ ನನ್ನ ಬಾಯಿಬಿಟ್ಟು ಕೇಳಿದ, ನಾ ಖುಷಿಲೆ ಹೂಂ ಅಂದೆ. ಸುಳ್ಳ ಹೂಂ ಅಲ್ಲ ಅದು. ಅದಕ್ಕ ನಂಗ ಇನ್ನೂ ತ್ರಾಸ ಆಗೂದು."

ಒಂದು ಪದದ್ದೇ ತಪ್ಪು ಎಂದುಕೊಂಡರೆ ಸುಲಭವಿತ್ತು. ಸೃಜನ್‌ಗೆ ಆ ಸುಲಭ ಸಿಗಲಿಲ್ಲ. ಎಂಟು ಮೀಟರಿನ ಅಲೆಯನ್ನು ಲೆಕ್ಕಹಾಕಿದವನಿಗೆ, ಎರಡು ಹೆಜ್ಜೆ ಆಚೆ ನಿಂತವಳನ್ನು ಒಂದು ಮಾತು ಕೇಳಲು ಆಗಿರಲಿಲ್ಲ.

ಸ್ಟೇಷನ್ನಿನಲ್ಲಿ ಅವನು ಹಾರ್ಬರ್ ಪ್ಲಾಟ್‌ಫಾರ್ಮಿಗೆ ಇಳಿಯಲಿಲ್ಲ. ತಾಯಿ ಮಗಳು ಲೇಡೀಸ್ ಡಬ್ಬಿ ಹತ್ತಿದಾಗ ಪಕ್ಕದ ಡಬ್ಬಿ ಹತ್ತಿ, ಎರಡು ಡಬ್ಬಿಗಳ ನಡುವಿನ ಕಬ್ಬಿಣದ ಜಾಲರಿಯ ಬಳಿ ನಿಂತ. ಆ ಕಡೆ ಸ್ನೇಹಲ್ ಬಂದು ನಿಂತಳು. ಗಾಳಿಗೆ ಅವಳ ಕೂದಲು ಮುಖದ ಮೇಲೆ ಹಾರುತ್ತಿತ್ತು. ಈ ಸಲ ಊದಲಿಲ್ಲ, ಸರಿಸಲೂ ಇಲ್ಲ.

ದಾದರ್ ಬಂತು. ಅವಳು ಜಾಲರಿಯ ಮೇಲೆ ಒಂದು ಕ್ಷಣ ಬೆರಳಿಟ್ಟು, ತಾಯಿಯ ಕೈಹಿಡಿದು ಇಳಿದಳು. ಅವನೂ ಅಲ್ಲೇ ಇಳಿದು ಅವಳ ಹಿಂದೆ ಹೋಗಬಹುದಿತ್ತು. ಇಳಿಯುವ ಜನ ಅವನನ್ನು ಬಾಗಿಲವರೆಗೆ ತಳ್ಳಿಯೂ ತಂದರು. ಅವನು ಕಂಬ ಹಿಡಿದು ನಿಂತುಕೊಂಡ, ಗಾಡಿ ಹೊರಡುವವರೆಗೆ.