ಮನೆಗೆಂದು ತೆಗೆದಿಟ್ಟ ಕ್ರೀಮು

1998ರ ಆಗಸ್ಟ್ 17, ಸೋಮವಾರ. ಗೌರಿ ಹಬ್ಬಕ್ಕೆ ಇನ್ನೊಂದು ವಾರವಿತ್ತು. ಬೆಳಿಗ್ಗೆ ಹತ್ತೂವರೆಗೆ ಪುಟ್ಟಗೌರಮ್ಮ ಮಗಳು ರಮ್ಯಳನ್ನು ಕೈಹಿಡಿದು ಕೆ.ಆರ್. ಪೇಟೆ ಠಾಣೆಗೆ ಕರೆತಂದಳು. ಹುಡುಗಿಯ ಕೆನ್ನೆ ತುಂಬ ಬೊಬ್ಬೆ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ತಾಯಿ ಮೇಜಿನ ಮೇಲೊಂದು ಹಸಿರು ಡಬ್ಬಿ ಇಟ್ಟಳು. 'ಮುಖ ಬೆಳ್ಳಗಾಗಲು ಗ್ರೀನ್ ಟೀ ಸಾರದ ಕ್ರೀಮು, ಆಂಟಿಆಕ್ಸಿಡೆಂಟ್' ಎಂಬ ಚೀಟಿ ಅಂಟಿಸಿತ್ತು.

ಇನ್‌ಸ್ಪೆಕ್ಟರ್ ಮಹದೇವಸ್ವಾಮಿ ಅದನ್ನು ಕೈಗೆತ್ತಿಕೊಂಡರು. ಅಂಥದ್ದೇ ಡಬ್ಬಿ ಅವರ ಮನೆಯ ಕನ್ನಡಿ ಮುಂದಿತ್ತು.

"ಯಾರು ಮಾರಿದ್ದು?"

"ಸಂತೇಲಿ ಕೊಂಡಿದ್ದು ಸಾಮಿ. ಎಸ್ರು ಗೊತ್ತಿಲ್ಲ. ಅಕ್ಕಿಹೆಬ್ಬಾಳಿನೋನು ಅಂದ."

ಎಫ್‌ಐಆರ್ ಬರೆಸಿ, ರಮ್ಯಳನ್ನು ಆಸ್ಪತ್ರೆಗೆ ಕಳಿಸಿ, ಅವರು ಮನೆಗೆ ಫೋನು ಮಾಡಿದರು. ಮಗಳು ರಂಜಿತ ಬೆಳಿಗ್ಗೆಯೇ ಪಾಂಡವಪುರದ ಅಜ್ಜಿ ಮನೆಗೆ ಹೊರಟಿದ್ದಳು, ಡಬ್ಬಿಯ ಸಮೇತ. ಅಲ್ಲಿ ಫೋನಿಲ್ಲ. ಪಾಂಡವಪುರ ಠಾಣೆಗೆ ವೈರ್‌ಲೆಸ್‌ನಲ್ಲಿ ಹೇಳಿ ಕಾನ್‌ಸ್ಟೇಬಲ್ ಒಬ್ಬರನ್ನು ಅಜ್ಜಿ ಮನೆಗೆ ಕಳಿಸಿದ್ದಾಯಿತು. 

ಡಬ್ಬಿಯೊಳಗಿನ ಕ್ರೀಮು ಬೆಳ್ಳಗಿತ್ತು, ಮೂಸಿದರೆ ಮೂಗಿಗೆ ಗಂಧಕದ ಘಾಟು. ಕಬ್ಬು ಬೆಳೆದ ಮನೆತನದವರಿಗೆ ಅದು ಹೊಸದಲ್ಲ. ಆಲೆಮನೆಯಲ್ಲಿ ಕಪ್ಪು ಬೆಲ್ಲವನ್ನು ಬಿಳುಪು ಮಾಡಲು ಹಾಕುವ ಹೈಡ್ರೋಸ್ ಪುಡಿಯ ವಾಸನೆ.

"ತಮ್ಮಯ್ಯ, ಜೀಪು ತೆಗಿ. ಅಕ್ಕಿಹೆಬ್ಬಾಳಿನ ಆಲೆಮನೆ ಒಂದೂ ಬಿಡಬಾರದು," ಎಂದರು ಹೆಡ್ ಕಾನ್‌ಸ್ಟೇಬಲ್‌ಗೆ.

ಮೂರನೆಯ ಆಲೆಮನೆ ನಾಗರಾಜುವಿನದು. ಬೆಲ್ಲದ ಅಚ್ಚುಗಳ ಹಿಂದೆ ಹಸಿರು ಡಬ್ಬಿಗಳ ರಾಶಿ, ಪಕ್ಕದಲ್ಲೇ ಹೈಡ್ರೋಸ್ ಡ್ರಮ್ಮು. ತಮ್ಮಯ್ಯ ಪಂಚರನ್ನು ಕರೆಸಿ ಪಂಚನಾಮೆಗೆ ಕೂತ.

"ಯಾತಕ್ಕೆ ಸಾರ್ ಇದೆಲ್ಲಾ?" ಎಂದ ನಾಗರಾಜು. "ನಮ್ಮನೇಲೂ ಮುಖಕ್ಕೆ ಅದ್ನೇ ಅಚ್ಕೊಳ್ಳೋದು. ಚೈತ್ರಾ, ನಿಂದು ತತ್ತಾ ಅವ್ವಾ."

ಅವನ ಮಗಳು ಚೈತ್ರ ಡಬ್ಬಿ ತಂದಳು. ಕಪ್ಪು ಬಣ್ಣದ ಹುಡುಗಿ, ಮುಖದಲ್ಲಿ ಒಂದು ಗುಳ್ಳೆಯೂ ಇರಲಿಲ್ಲ. ಮಹದೇವಸ್ವಾಮಿ ಮುಚ್ಚಳ ತೆಗೆದರು. ಒಳಗಿದ್ದದ್ದು ಕಂದು ಬಣ್ಣದ ಕ್ರೀಮು, ಘಾಟಿಲ್ಲ.

ಅವರು ರಾಶಿಯಿಂದ ಒಂದು ಡಬ್ಬಿ ತೆಗೆದು ಅದರ ಪಕ್ಕದಲ್ಲಿಟ್ಟು ನೋಡಿದರು. ಆಲೆಮನೆಯವರೆಲ್ಲ ಮಾರುವ ಬೆಲ್ಲಕ್ಕೆ ಪುಡಿ ಹಾಕುತ್ತಾರೆ, ಮನೆಗೆಂದು ಮಾತ್ರ ಪುಡಿ ಬೀಳದ ಕಪ್ಪು ಅಚ್ಚು ತೆಗೆದಿಡುತ್ತಾರೆ. ಆಲೆಮನೆ ನಡೆಸುತ್ತಿದ್ದ ಮಹದೇವಸ್ವಾಮಿಯ ಅಪ್ಪನೂ ಹಾಗೇ ಮಾಡುತ್ತಿದ್ದದ್ದು.

"ಇವಳದ್ದಕ್ಕೆ ಯಾಕೆ ಪುಡಿ ಹಾಕಿಲ್ಲ?"

ನಾಗರಾಜು ಮಗಳ ಡಬ್ಬಿಗೆ ಕೈಚಾಚಿದ. ಮಹದೇವಸ್ವಾಮಿ ಕೊಡಲಿಲ್ಲ.

"ಅಂದ್ರೆ ಸುಡ್ತದೆ ಅಂತ ಗೊತ್ತಿತ್ತು."

"ಇಷ್ಟು ಸುಡ್ತದೆ ಅಂತ ಗೊತ್ತಿರ್ನಿಲ್ಲ ಸಾರ್. ಟೀ ಸಾರ ಒಂದಿನಕ್ಕೇ ಕಪ್ಪಾಗ್ಬುಡ್ತದೆ. ಕಪ್ಪು ಕ್ರೀಮ ಯಾರ್ ಮುಟ್ಟಾರು?" ಅವನ ದನಿ ಇಳಿಯಿತು. "ಮೊದ್ಲು ಕಾಸಿದ್ದು ಇವ್ಳಿಗೇ ಅಂತ. ನೋಡಕ್ ಬಂದೋರೆಲ್ಲ ಬಣ್ಣ ಸಾಲ್ದು ಅಂತ ಎದ್ದೋದ್ರು. ಬೆಲ್ಲಾನೂ ಅಂಗೇ, ನನ್ ಮಗ್ಳೂ ಅಂಗೇ."

ತಮ್ಮಯ್ಯ ಅವನನ್ನು ಜೀಪು ಹತ್ತಿಸಿದ. ಚೈತ್ರ ಬಾಗಿಲಲ್ಲೇ ನಿಂತಿದ್ದಳು, ಅಳಲಿಲ್ಲ.

ಸಂಜೆ ಪಾಂಡವಪುರ ಠಾಣೆಯಿಂದ ಫೋನು ಬಂತು. ರಂಜಿತಳೇ ಮಾತಾಡಿದಳು. ಡಬ್ಬಿಯನ್ನು ಅವಳಿನ್ನೂ ತೆಗೆದಿರಲಿಲ್ಲ. ಮಹದೇವಸ್ವಾಮಿಗೆ ಹೋದ ಜೀವ ಬಂದಂತಾಯಿತು.

"ಅಪ್ಪಾ," ಎಂದಳು ಮಗಳು, "ಹಚ್ಕೊಂಡಿದ್ರೆ ನಾನು ನಿಜವಾಗ್ಲೂ ಬೆಳ್ಳಗಾಗ್ತಿದ್ನಾ?"