ಏಳನೇ ಪ್ರಬಂಧಕ್ಕೆ ಬಿದ್ದ ಮತಗಳು

ಜನವರಿ 18, ಬೆಳಗ್ಗೆ 11.20ಕ್ಕೆ ಎಂಜಿನಿಯರಿಂಗ್ ಮಾಸಪತ್ರಿಕೆಯೊಂದರ ಸಂಪಾದಕರು ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ದೂರಿನ ಜೊತೆ ಒಂದು ರಟ್ಟಿನ ಪೆಟ್ಟಿಗೆ, ಅದರ ತುಂಬ ಅಂಚೆ ಕಾರ್ಡುಗಳು. ಆ ತಿಂಗಳು ಆಗಲೇ ಎರಡು ಕೊಲೆಗಳ ಪಂಚನಾಮೆ ಬರೆಸಿ ಮನಸ್ಸು ಮರಗಟ್ಟಿದ್ದ ಇನ್‌ಸ್ಪೆಕ್ಟರ್ ಪೆಟ್ಟಿಗೆಯೊಳಗೆ ಇಣುಕಿದರು.

“ಏನ್ರೀ ಇದು?”

“ಮತಗಳು ಸರ್. ವರ್ಷದ ಅತ್ಯುತ್ತಮ ತಾಂತ್ರಿಕ ಪ್ರಬಂಧ ಯಾವ್ದು ಅಂತ ಓದುಗರು ಹಾಕೋದು. ಇದ್ರಲ್ಲಿ ಕಳ್ಳ ಮತ ಸೇರಿದೆ.”

“ಎಷ್ಟು?”

“ಗೊತ್ತಿಲ್ಲ. ಏಳನೇ ಪ್ರಬಂಧಕ್ಕೆ ಒಟ್ಟು ಮುನ್ನೂರ ಹದಿನಾರು ಬಿದ್ದಿದೆ. ಇಷ್ಟು ವರ್ಷದಲ್ಲಿ ಗೆದ್ದೋರು ಯಾರೂ ನೂರು ದಾಟಿಲ್ಲ.”

ಪದ್ಧತಿ ಸರಳವಾಗಿತ್ತು. ನವೆಂಬರ್ ಸಂಚಿಕೆಯಲ್ಲಿ ಒಂದು ಕಾರ್ಡನ್ನು ಹೊಲಿದಿರುತ್ತಾರೆ. ಚಂದಾದಾರರು ಅದನ್ನು ಹರಿದು, ತಮ್ಮ ಹೆಸರು, ಚಂದಾ ಸಂಖ್ಯೆ, ಮೆಚ್ಚಿದ ಪ್ರಬಂಧದ ಸಂಖ್ಯೆ ಬರೆದು, ಸಹಿ ಹಾಕಿ ಅಂಚೆಗೆ ಹಾಕಬೇಕು. ಗೆದ್ದ ಪ್ರಬಂಧವನ್ನು ಪುಸ್ತಿಕೆಯಾಗಿ ಅಚ್ಚು ಮಾಡಿ ಎರಡು ಸಾವಿರ ಕಾರ್ಖಾನೆಗಳಿಗೆ ಪುಕ್ಕಟೆ ಕಳಿಸುತ್ತಾರೆ. ಮತ ಹಾಕಿದವರಿಗೆಲ್ಲ ಕೃತಜ್ಞತಾ ಪತ್ರವೂ ಹೋಗುತ್ತದೆ. ಅಂಥ ಒಂದು ಪತ್ರಕ್ಕೆ ಆಜೀವ ಚಂದಾದಾರರೊಬ್ಬರ ಹೆಂಡತಿ ಉತ್ತರ ಬರೆದಿದ್ದರು: “ಇವರು ತೀರಿಕೊಂಡು ಮೂರು ವರ್ಷವಾಯಿತು. ಮತ ಹಾಕಲು ಬಂದವರು ಮನೆ ಕಡೆಗೂ ಒಮ್ಮೆ ಬಂದು ಹೋಗಬಹುದಿತ್ತು.”

ಹೆಡ್ ಕಾನ್‌ಸ್ಟೇಬಲ್ ನಕ್ಕ. ಕಲ್ಲಿನಲ್ಲಿ ಕೊರೆದ ಹಾಗೆ ಒಂದಕ್ಷರ ಬಿಡದೆ ಎಲ್ಲವನ್ನೂ ಬರೆಯುತ್ತಿದ್ದ ಅವನಿಗೆ ಠಾಣೆಯಲ್ಲಿ ‘ಶಾಸನ’ ಎಂದೇ ಹೆಸರು. ಇನ್‌ಸ್ಪೆಕ್ಟರ್ ನಗಲಿಲ್ಲ. 12.05ಕ್ಕೆ ಎಫ್‌ಐಆರ್ ದಾಖಲಾಯಿತು.

ಮುನ್ನೂರ ಹದಿನಾರು ಮಂದಿಗೂ ಪತ್ರ ಬರೆದು, ಮತ ಹಾಕಿದ್ದು ನೀವೇ ಹೌದೇ ಎಂದು ಕೇಳುವ ಕೆಲಸ ಶಾಸನನ ಪಾಲಿಗೆ ಬಂತು. ಅವನು ಪತ್ರದ ಜೊತೆ ಇಡೀ ಪ್ರಬಂಧದ ನಾಲ್ಕೂ ಪುಟಗಳ ಜೆರಾಕ್ಸ್ ಸೇರಿಸಿ ಕಳಿಸಿಬಿಟ್ಟ.

“ನಾಲ್ಕು ಪುಟ ಯಾಕ್ರೀ? ಕಾಗದ ಏನು ನಿಮ್ಮಪ್ಪನ ಮನೇದಾ?”

“ಯಾವ ಪ್ರಬಂಧ ಅಂತ ಅವ್ರಿಗೆ ಗೊತ್ತಾಗ್ಬೇಕಲ್ಲ ಸರ್. ನಾಳೆ ಕೋರ್ಟಲ್ಲಿ ನೆನಪಿಲ್ಲ ಅಂದ್ಬಿಟ್ರೆ?”

ಅಂಚೆಗೆ ಹೋದದ್ದನ್ನು ವಾಪಸ್ ತರುವಂತಿರಲಿಲ್ಲ.

ಗೆದ್ದವರ ಮೇಲೆ ಮೊದಲು ಅನುಮಾನ ಬರುವುದು ಸಹಜ. ಜನವರಿ 20, ಮಧ್ಯಾಹ್ನ 3ಕ್ಕೆ ಇಬ್ಬರೂ ಲೋಹ ಪರೀಕ್ಷಾ ಪ್ರಯೋಗಾಲಯಕ್ಕೆ ಹೋದರು. ಪ್ರಬಂಧ ಬರೆದಾಕೆ ಅಲ್ಲಿನ ಪರೀಕ್ಷಕಿ. ಕೈಗವಸು ತೆಗೆಯದೆಯೇ ಮಾತಾಡಿದರು.

“ನಿಮ್ಮ ಪ್ರಬಂಧ ಯಾವುದರ ಬಗ್ಗೆ?”

“ಸರಕು ಸಾಗಿಸೋ ಲಿಫ್ಟಿನ ಬ್ರೇಕ್ ಪಿನ್. ಕಿರುಬೆರಳಷ್ಟು ದಪ್ಪ ಇರುತ್ತೆ. ಸುತ್ತ ಬಳೆಯಂಥ ಕಾಲರ್ ಇರುತ್ತಲ್ಲ, ಅದರ ಕೆಳಗೆ ಬಿರುಕು ಬಿಟ್ರೆ ಮೇಲ್ನೋಟಕ್ಕೆ ಕಾಣಲ್ಲ, ಬಿಚ್ಚಿ ನೋಡ್ಬೇಕು. ಎರಡು ವರ್ಷದ ಹಿಂದೆ ಒಂದು ಮುರಿದು ಒಬ್ಬ ಕೆಲಸಗಾರ ಸತ್ತ. ಆ ಪಿನ್ ಪರೀಕ್ಷೆಗೆ ಇಲ್ಲಿಗೇ ಬಂದಿತ್ತು.”

“ಮತ ಹಾಕಿ ಅಂತ ಯಾರನ್ನಾದ್ರೂ ಕೇಳಿದ್ರಾ?”

“ಓದಿ ಅಂತ ಕೇಳಿದ್ದೆ. ನಮ್ಮ ಯಜಮಾನ್ರೇ ಇನ್ನೂ ಓದಿಲ್ಲ.”

ಜನವರಿ 27ರ ಹೊತ್ತಿಗೆ ನೂರ ತೊಂಬತ್ತು ಉತ್ತರಗಳು ಬಂದಿದ್ದವು. ಹೌದು ಎಂದವರು ನಾಲ್ಕೇ ಜನ. ಉಳಿದ ಕಾರ್ಡುಗಳಲ್ಲಿ ಒಂದರ ಬರವಣಿಗೆ ಇನ್ನೊಂದರಂತಿರಲಿಲ್ಲ. ನೀಲಿ ಶಾಯಿ, ಕಪ್ಪು ಶಾಯಿ, ಎಡಕ್ಕೆ ವಾಲಿದ್ದು, ಬಲಕ್ಕೆ ವಾಲಿದ್ದು. ಶಾಸನ ಒಂದು ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದ.

“ಸರ್, ಇಲ್ಲಿ ನೋಡಿ. ಅಕ್ಷರದ ಮೇಲೊಂದು ಕೆಳಗೊಂದು ಪೆನ್ಸಿಲ್ ಗೆರೆ. ಎಳೆದು ಅಳಿಸಿದಾರೆ.”

ಇನ್ನೊಂದರಲ್ಲೂ ಇತ್ತು. ಮತ್ತೊಂದರಲ್ಲೂ ಇತ್ತು. ಸ್ಕೇಲಿಟ್ಟು ಅಳೆದರೆ ಗೆರೆಗಳ ನಡುವೆ ಎಲ್ಲೆಡೆ ಸರಿಯಾಗಿ ಮೂರು ಮಿಲಿಮೀಟರ್. ನಿಜವಾದ ನಾಲ್ಕು ಕಾರ್ಡುಗಳಲ್ಲಿ ಗೆರೆಯೇ ಇರಲಿಲ್ಲ.

ಜನವರಿ 29, ಬೆಳಗ್ಗೆ 10.40. ಪತ್ರಿಕೆಯ ಕಚೇರಿ ಮೂರನೇ ಮಹಡಿಯಲ್ಲಿತ್ತು. ಆರು ಮೇಜು, ಗೋಡೆಯುದ್ದಕ್ಕೂ ಹಳೇ ಸಂಚಿಕೆಗಳ ಕಟ್ಟು, ಎಲ್ಲೆಲ್ಲೂ ಗೋಂದಿನ ವಾಸನೆ. ಇನ್‌ಸ್ಪೆಕ್ಟರ್ ಎಲ್ಲರಿಗೂ ಒಂದೊಂದು ಬಿಳಿ ಹಾಳೆ ಕೊಟ್ಟು ಹೆಸರು, ವಿಳಾಸ ಬರೆಯಲು ಹೇಳಿದರು. ಸಂಪಾದಕರು ಗೀಚಿದರು. ಗುಮಾಸ್ತೆ ತೊಡೆಯ ಮೇಲಿಟ್ಟುಕೊಂಡೇ ಬರೆದಳು. ಕಿಟಕಿ ಪಕ್ಕ ಕೂತಿದ್ದ ಡ್ರಾಫ್ಟ್ಸ್‌ಮನ್ ಮಾತ್ರ ಹಾಳೆಯನ್ನು ನೇರ ಮಾಡಿ, ಸ್ಕೇಲಿಟ್ಟು, ಪೆನ್ಸಿಲಿನಲ್ಲಿ ಎರಡು ತೆಳು ಗೆರೆ ಎಳೆದ. ನಡುವೆ ಹೆಸರು ಬರೆದ. ಶಾಯಿ ಒಣಗುವವರೆಗೆ ಕಾದು ಗೆರೆ ಅಳಿಸಿದ. ಪ್ರಬಂಧಗಳ ಚಿತ್ರಗಳನ್ನೆಲ್ಲ ಅಚ್ಚಿಗಾಗಿ ತಿದ್ದಿ ಬರೆಯುವವನು ಅವನೇ. ಇಪ್ಪತ್ತೆರಡು ವರ್ಷದಿಂದ ಗೆರೆಯಿಲ್ಲದೆ ಒಂದಕ್ಷರ ಬರೆದವನಲ್ಲ. ಮುನ್ನೂರು ಕೈಬರಹ ಕಲಿತವನಿಗೆ ಈ ಒಂದು ಅಭ್ಯಾಸ ಬಿಡಲಾಗಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರೆ. ಕಸುಬಿನ ಗುಣವೂ ಅಷ್ಟೇ.

ರಬ್ಬರನ್ನು ಕೆಳಗಿಡುವಾಗ ಅವನಿಗೇ ಹೊಳೆಯಿತು. ಇನ್‌ಸ್ಪೆಕ್ಟರ್ ಹಿಂದೆಯೇ ನಿಂತಿದ್ದರು.

“ವಿಳಾಸಾನೂ ಬರೀಬೇಕಾ ಸರ್?”

“ಬೇಡ. ಸಾಕು.”

ಮುದ್ರಣಾಲಯದ ಮೇಸ್ತ್ರಿ ಮತ್ತು ಕೆಳಮಹಡಿಯ ದರ್ಜಿಯ ಸಮಕ್ಷಮ ಪಂಚನಾಮೆ ನಡೆಯಿತು. ಮೇಜಿನ ಖಾನೆಯಲ್ಲಿ ಮಾರಾಟವಾಗದ ಸಂಚಿಕೆಗಳಿಂದ ಬಿಡಿಸಿದ ಎಂಬತ್ತೆಂಟು ಖಾಲಿ ಕಾರ್ಡುಗಳು, ಒಂಬತ್ತು ಪೆನ್ನುಗಳು, ಚಂದಾದಾರರ ಪಟ್ಟಿ. ಎಂದೂ ಮತ ಹಾಕದವರ ಹೆಸರಿಗೆ ಚುಕ್ಕೆ ಇಟ್ಟಿದ್ದ. ಅವರಲ್ಲಿ ಬದುಕಿಲ್ಲದವರೂ ಇರಬಹುದೆಂದು ಅವನಿಗೆ ತೋಚಿರಲಿಲ್ಲ.

“ಆ ಪ್ರಬಂಧ ಬರ್ದ ಹೆಂಗಸು ನಿಮಗೇನಾಗ್ಬೇಕು?” ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಳಿದರು.

“ನೋಡೇ ಇಲ್ಲ ಸರ್.”

“ಮತ್ಯಾಕೆ?”

ಅವನು ಮೇಜಿನ ಅಂಚನ್ನೇ ನೋಡುತ್ತಿದ್ದ. “ಅದ್ರಲ್ಲಿ ‘ಒಬ್ಬ ಕೆಲಸಗಾರ’ ಅಂತ ಬರ್ದಿದೆಯಲ್ಲ, ಅವನು ನನ್ನ ತಮ್ಮ. ಅವನನ್ನ ನೋಡೋಕೆ ಬಿಡ್ಲಿಲ್ಲ, ನೋಡೋ ಹಾಗಿಲ್ಲ ಅಂದ್ರು. ಎರಡು ದಿನ ರಜಾ ಹಾಕಿ ಬಂದೆ. ಆಮೇಲೆ ಈ ಪ್ರಬಂಧ ಬಂತು. ಪಿನ್ನಿನ ಚಿತ್ರ ನಾನೇ ಬರೆದೆ. ಸರಿಯಾಗಿ ಬರ್ಲಿಲ್ಲ, ನಾಲ್ಕು ಸಲ ಬರೆದೆ.”

“ಸಂಪಾದಕರಿಗೆ ಹೇಳ್ಬಹುದಿತ್ತು.”

“ತಮ್ಮನ ವಿಷ್ಯ ಹೇಳ್ಲಿಲ್ಲ. ಪುಸ್ತಿಕೆ ಮಾಡ್ಸಿ ಅಂತ ಮಾತ್ರ ಕೇಳ್ದೆ. ಅಚ್ಚಾಗಿದೆಯಲ್ಲ, ಓದೋರು ಓದ್ತಾರೆ ಅಂದ್ರು. ಅರವತ್ತೊಂದನೇ ಪುಟ ಯಾರು ಓದ್ತಾರೆ ಸರ್?”

ಅವನ ದನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಇನ್‌ಸ್ಪೆಕ್ಟರಿಗೂ ಏನೂ ಅನ್ನಿಸಲಿಲ್ಲ. ಅನ್ನಿಸದಿದ್ದದ್ದಕ್ಕೆ ಒಂದು ಕ್ಷಣ ನಾಚಿಕೆಯಾಯಿತು. ಮಧ್ಯಾಹ್ನ 2.15ಕ್ಕೆ ಬಂಧನದ ಜ್ಞಾಪನ ಬರೆಯುತ್ತಿರುವಾಗ ಫೋನ್ ಬಂತು. ಮೂರು ಊರಾಚೆಯ ನೂಲಿನ ಗಿರಣಿಯೊಂದರ ದುರಸ್ತಿ ಎಂಜಿನಿಯರ್.

“ನಿಮ್ಮ ಕಾಗದ ಬಂದಿತ್ತು. ಆ ಮತ ನಾನು ಹಾಕಿದ್ದಲ್ಲ.”

“ಸರಿ, ಬರ್ಕೋತೀವಿ.”

“ಇರಿ ಸರ್, ಅದಕ್ಕಲ್ಲ ಫೋನ್ ಮಾಡಿದ್ದು. ಪೊಲೀಸ್ನೋರು ಕಳ್ಸಿದಾರಲ್ಲ ಅಂತ ಹೆದರ್ಕೊಂಡು ಪೂರ್ತಿ ಓದ್ದೆ. ನಮ್ಮಲ್ಲಿ ಐದು ಲಿಫ್ಟ್ ಇವೆ. ಪಿನ್ ಬಿಚ್ಚಿಸಿ ನೋಡ್ದೆ. ಎರಡು ಬಿರುಕು ಬಿಟ್ಟಿವೆ, ಆ ಲಿಫ್ಟ್ ನಿಲ್ಸಿದೀನಿ. ಯಾರಿಗಾದ್ರೂ ಹೇಳ್ಬೇಕು ಅನ್ನಿಸ್ತು.”

ಫೋನಿಟ್ಟು ಇನ್‌ಸ್ಪೆಕ್ಟರ್ ಬಿರುಕು ಸಿಕ್ಕಿದ್ದನ್ನು ಡ್ರಾಫ್ಟ್ಸ್‌ಮನ್‌ಗೆ ಹೇಳಿದರು.

“ಲಿಫ್ಟ್ ನಿಲ್ಸಿದ್ರಂತಾ?”

“ನಿಲ್ಸಿದಾರಂತೆ.”

ಅವನು ಪೆನ್ನು ಕೈಗೆತ್ತಿಕೊಂಡು, “ನೀವು ಎಷ್ಟು ಜನಕ್ಕೆ ಕಳ್ಸಿದ್ರಿ ಸರ್?” ಎಂದ.

“ಮುನ್ನೂರ ಹದಿನಾರು.”

“ಕಾರ್ಖಾನೆ ಎರಡು ಸಾವಿರ ಇವೆ.”

ಅಷ್ಟು ಹೇಳಿ, ತೋರಿಸಿದ ಜಾಗದಲ್ಲಿ ಸಹಿ ಹಾಕಿದ.

ಸಂಜೆ ಸಂಪಾದಕರು ಬಂದು, ಈ ವರ್ಷದ ಮತದಾನ ರದ್ದಾಗಿದೆ, ಪುಸ್ತಿಕೆ ಬರುವುದಿಲ್ಲ ಎಂದು ಬರೆದುಕೊಟ್ಟರು. ಶಾಸನ ಕೇಸ್ ಡೈರಿ ತೆರೆದ.

“ಉದ್ದೇಶ ಅಂತ ಏನು ಬರೀಲಿ ಸರ್?”

“ತಮ್ಮ ಸತ್ತ ರೀತಿ ಇನ್ನೊಬ್ಬ ಸಾಯ್ಬಾರ್ದು ಅಂತ. ಅಷ್ಟೇ ಬರಿ.”

ಅವನು ಬರೆದು ಮುಗಿಸುವವರೆಗೆ ಇನ್‌ಸ್ಪೆಕ್ಟರ್ ಕಾದರು. ಆಮೇಲೆ ಸಂಪಾದಕರ ಕಡೆ ತಿರುಗಿ, “ಆ ಎರಡು ಸಾವಿರ ಕಾರ್ಖಾನೆಗಳ ವಿಳಾಸ ಬೇಕು. ತನಿಖೆಗೆ,” ಎಂದರು.