ನಾಲ್ಕನೆಯ ಕಲ್ಲಿನ ವಿಭೂತಿ

"ಎದೀ ಮ್ಯಾಲ ಲಿಂಗ ಕಟ್ಟಿಕೊಂಡು, ಹಾದ್ಯಾಗಿನ ಕಲ್ಲಿಗಿ ಕೈ ಮುಗದೀರಂತಲ್ಲ ಅಯ್ಯನೋರೆ?"

ನೀಲಾಬಾಯಿ ಸೈಕಲ್ಲನ್ನು ಟಪಾಲು ಕೋಣೆಯ ಗೋಡೆಗೆ ಒರಗಿಸಿದ ಸದ್ದಿನಲ್ಲೇ ಸಿಟ್ಟು ಗೊತ್ತಾಯಿತು. ಹ್ಯಾಂಡಲ್ ಸೊಟ್ಟಗಾಗಿತ್ತು. ಬಿಳಿ ಸೀರೆಯ ಅಂಚಿಗೆ ಕೆಸರು. ಮೊಣಕೈ ತರಚಿ ರಕ್ತ ಒಣಗಿತ್ತು.

"ಏನಾತ್ರಿ?" ಎಂದೆ.

"ಏನಾತು ಅಂತ ನೀವು ಕೇಳ್ತೀರಿ? ನಾಲ್ಕನೇ ಕಲ್ಲಿನ ಹತ್ರ ಮುಳ್ಳುಬೇಲಿ ಹಾಕ್ಯಾರ. ಅಮೃತಪ್ಪನೋರು ಅಡ್ಡ ನಿಂತ್ರು. ಬಾಣಂತ್ಯಾರನ್ನ ಮುಟ್ಟೋಕಿ ನೀ, ಸೂತಕ ಆಗತದ, ದೇವರ ಮುಂದ ಹಾಯಬ್ಯಾಡ ಅಂದ್ರು. ಹೊಳ್ಳಿ ಸಡಕಿಗಿ ಹೋದೆ. ಕಲ್ಲು ಹೇರಿದ ಲಾರಿ ಒಂದು ಬೇಕಂತನ ಮೈಮ್ಯಾಲೆ ಬಂದು ತಗ್ಗಿಗಿ ಕೆಡವಿತು. ನಾ ತಾಂಡಾ ಮುಟ್ಟೂದ್ರಾಗ ಕೂಸು ಹುಟ್ಟಿಬಿಟ್ಟಿತ್ತು. ಇವತ್ತ ತಾಯಿ ಕೂಸು ಉಳದಾವ. ನಾಳಿ?"

ಅಪ್ಪ ಬೆಳಗಿನ ಪೂಜೆಗೆ ಕುಳಿತು ವಚನ ಹೇಳುತ್ತಿದ್ದರೆ ಕೇಳುತ್ತ ಬೆಳೆದವನು ನಾನು. ಕೇಳುವುದೊಂದೇ ನನಗೆ ಚೆನ್ನಾಗಿ ಬರುತ್ತಿತ್ತು. ಹೆಸರು ಮಡಿವಾಳಯ್ಯ. ದಿನಾ ಕೊಡ್ಲಿಯಿಂದ ಚಿಂಚೋಳಿಗೆ ಸೈಕಲ್ಲಿನ ಮೇಲೆ ಟಪಾಲು ಒಯ್ದು ತರುವವನು. ಊರಿನವರ ಬಾಯಲ್ಲಿ ಟಪಾಲಯ್ಯ.

ಅವಳು ಕೊಡ್ಲಿಗೆ ಬಂದ ಸರಕಾರಿ ನರ್ಸ್. ಮದುವೆಯಾದ ವರ್ಷವೇ ಗಂಡ ತೀರಿಕೊಂಡಿದ್ದ. ಅಳುತ್ತ ಕೂರದೆ ಗುಲಬರ್ಗಾಕ್ಕೆ ಹೋಗಿ ಹೆರಿಗೆ ಕೆಲಸ ಕಲಿತವಳು. ಸರಕಾರ ಸೈಕಲ್ ಕೊಟ್ಟಿತು. ಸೈಕಲ್ ಏರಿದ ಹೆಣ್ಣನ್ನು ಕಂಡರೆ ಹಾರ್ನ್ ಹೊಡೆದು ಕೂಗಾಡುವ ಲಾರಿಯವರನ್ನು ಸಡಕು ಕೊಟ್ಟಿತು.

ಮೂರು ತಿಂಗಳ ಹಿಂದೆ ಅವಳು ಸಡಕಿನ ಬದಿಗೆ ಕೂತು ಮಂಡಿಯ ಗಾಯ ಒರೆಸಿಕೊಳ್ಳುತ್ತ ಕೇಳಿದ್ದಳು: "ಲಾರಿ ಇಲ್ಲದ ಹಾದಿ ಈ ಮುಲಕಿನಾಗ ಒಂದೂ ಇಲ್ಲೇನ್ರಿ?"

ಮೂರು ಭಾನುವಾರ ಗುಡ್ಡ ಸುತ್ತಿದೆ. ನಲವತ್ತೆಂಟರ ರಜಾಕಾರರ ಗದ್ದಲದಲ್ಲಿ ಜನ ಮಕ್ಕಳನ್ನೆತ್ತಿಕೊಂಡು ಓಡಿದ ಹಾದಿಯೊಂದು ಸಿಕ್ಕಿತು. ಆಮೇಲೆ ಅದನ್ನು ಯಾರೂ ತುಳಿದಿರಲಿಲ್ಲ. ಕೆಂಪು ಮುರುಮಿನ ಮಣ್ಣಿನ ಮೇಲೆ ಹುಲ್ಲು ಬೆಳೆದಿತ್ತು. ಬಂಡಿ ಬರುವಷ್ಟು ಅಗಲವಿಲ್ಲ, ಸೈಕಲ್ಲಿಗೆ ಸಾಕು. ಒಂಬತ್ತು ತಿರುವು. ಅವಳಿಗೆ ಹಾದಿ ತಪ್ಪಬಾರದೆಂದು ಒಂದೊಂದು ತಿರುವಿನಲ್ಲೂ ಒಂದು ಕಲ್ಲಿಗೆ, ತಿರುಗಬೇಕಾದ ಕಡೆ, ಮೂರು ಬಿಳಿ ಗೆರೆ ಎಳೆದೆ. ಸುಣ್ಣ ತಂದಿರಲಿಲ್ಲ. ಚೀಲದಲ್ಲಿ ಇದ್ದದ್ದು ಪೂಜೆಯ ವಿಭೂತಿ ಗಟ್ಟಿ.

ಮೊದಲ ದಿನ ಅವಳು ಮುಂದೆ, ನಾನು ಹಿಂದೆ. ಕಲ್ಲು ಕಂಡಾಗಲೆಲ್ಲ ಬೆಲ್ ಬಾರಿಸುತ್ತಿದ್ದಳು. ನಾಲ್ಕನೆಯ ಕಲ್ಲಿನ ಹತ್ತಿರ, ಮುತ್ತುಗದ ಹೂ ಉದುರಿದ ಇಳಿಜಾರಿನಲ್ಲಿ, ಕಾಲು ಊರಿ ನಿಂತಳು. ಕಲ್ಲನ್ನು ನೋಡಿದಳು, ನನ್ನನ್ನು ನೋಡಿದಳು. ತುಟಿಯ ಒಂದು ಮೂಲೆ ಮಾತ್ರ ನಕ್ಕಿತು.

"ಈ ಕಲ್ಲು ನಿಮ್ಮಂಗೇ ಅದ ನೋಡ್ರಿ. ವಿಭೂತಿ ಹಚ್ಕೊಂಡು ಸುಮ್ಮ ಕುಂತದ."

ಆ ನಗುವಿನ ಮೂಲೆಯನ್ನು ನಾನು ಎಷ್ಟು ದಿನ ಚೀಲದಲ್ಲಿಟ್ಟುಕೊಂಡು ತಿರುಗಿದೆನೋ.

ಮಳೆಗೆ ಗೆರೆ ಮಾಸಿದರೆ ಪ್ರತಿ ಭಾನುವಾರ ಮತ್ತೆ ಎಳೆಯುತ್ತಿದ್ದೆ. ಅದೇ ತಪ್ಪಾಯಿತು. ಕಳೆದ ವಾರ ಊರ ಹಿರಿಯ ಅಮೃತಪ್ಪನ ಕಳೆದುಹೋದ ಎತ್ತು ಆ ಕಲ್ಲಿನ ಹತ್ತಿರವೇ ಸಿಕ್ಕಿತು. ಕಲ್ಲಿನ ಮೇಲೆ ಹಸಿ ವಿಭೂತಿ. ಮನುಷ್ಯರು ತಿರುಗದ ಕಡೆ ವಿಭೂತಿ ತಾನಾಗಿ ಮೂಡಿದೆ ಎಂದು ಊರು ನಂಬಿತು. ಕಾಯಿ ಒಡೆದರು. ಮೊನ್ನೆ ನಾನು ಸೈಕಲ್ ತಳ್ಳಿಕೊಂಡು ಹಾದುಹೋಗುವಾಗ ಎಂಟು ಜನ ಕೈ ಮುಗಿದು ನಿಂತಿದ್ದರು. ಹೇಳಬೇಕೆಂದು ಬಾಯಿ ತೆರೆದೆ. ಎಲ್ಲರೂ ನನ್ನ ಕಡೆ ತಿರುಗಿದರು. ನಾನೂ ಕೈ ಮುಗಿದೆ.

"ನಾ ಹಚ್ಚೀನಿ ಅಂದ್ರ, ಯಾರ ಸಲುವಾಗಿ ಅಂತ ಕೇಳ್ತಾರ," ಎಂದೆ ಈಗ, ನೆಲ ನೋಡುತ್ತ. "ನಿಮ್ಮ ಹೆಸರು ಮಂದಿ ಬಾಯಾಗ..."

"ನನ್ನ ಹೆಸರು ನಾ ಹೊರ್ತೀನಿ!" ಅವಳ ದನಿಗೆ ಕೋಣೆಯ ತಗಡು ಅದುರಿದಂತಾಯಿತು. "ನಿಮಗ ಹೊರ್ರಿ ಅಂತ ಯಾರು ಕೊಟ್ಟಾರ? ನನ್ನ ಹೆಸರಿನ ಹಿಂದ ಅಡಗಬ್ಯಾಡ್ರಿ. ಅಂಜಿದವರು ನೀವು. ಸೂತಕ ಇಲ್ಲ ಅಂತ ಸಾರಿದ ಶರಣರ ಮಾತು ದಿನಾ ಮುಂಜಾನಿ ಕೇಳವ್ರು ನೀವಾ? ಅಷ್ಟು ಕೇಳಿ ಏನು ಮಾಡಿದ್ರಿ?"

ನನಗೂ ಸಿಟ್ಟು ಬಂತು. ಅವಳ ಮೇಲಲ್ಲ. ಮೊನ್ನೆ ಜೋಡಿಸಿದ ನನ್ನ ಈ ಎರಡು ಕೈಗಳ ಮೇಲೆ.

ಅವಳು ರವಿಕೆಯಿಂದ ಮಡಚಿದ ಲಕೋಟೆ ತೆಗೆದು, ನನ್ನ ಕಣ್ಣೆದುರೇ ಟಪಾಲು ಡಬ್ಬಿಗೆ ಹಾಕಿದಳು.

"ವಾಡಿಗಿ ವರ್ಗ ಕೇಳೀನಿ. ಅಲ್ಲಿ ರೈಲಿನ ಹೊಗಿ ಇರಲಿ, ದೇವರಾದ ಕಲ್ಲಂತೂ ಇರಾದಿಲ್ಲ. ಟಪಾಲು ಮುಟ್ಟಸೂದು ನಿಮ್ಮ ಕೆಲಸ ಅಲ್ಲೇನು? ಮುಟ್ಟಸ್ರಿ."

ಮರುದಿನ ಬೆಳಗ್ಗೆ ಡಬ್ಬಿ ತೆಗೆದೆ. ಆ ಲಕೋಟೆಯನ್ನೂ ಚೀಲಕ್ಕೆ ಹಾಕಿದೆ. ಏಳು ಕಾಗದ, ಅದರಲ್ಲಿ ಒಂದೇ ಭಾರ.

ನಾಲ್ಕನೆಯ ಕಲ್ಲಿನ ಹತ್ತಿರ ಅಮೃತಪ್ಪ ಊದುಬತ್ತಿ ಹಚ್ಚುತ್ತಿದ್ದರು. ಸುತ್ತ ಹತ್ತು ಹನ್ನೆರಡು ಜನ.

"ಬರ್ರಿ ಅಯ್ಯನೋರೆ, ನೀವೇ ಮಂತ್ರ ಹೇಳ್ರಿ," ಎಂದರು.

"ಆ ವಿಭೂತಿ ನಾ ಹಚ್ಚೀನ್ರಿ," ಎಂದೆ. "ಪ್ರತಿ ಐತವಾರ ನಾನೇ ಹಚ್ಚತೀನಿ. ಬೇಲಿ ತೆಗೀರಿ."

"ಥೂ! ಅಯ್ಯನೋರಾಗಿ ಹಿಂಗ ಮಾತಾಡ್ತೀರೇನು? ದೇವರು ತಾನಾಗಿ ಮೂಡ್ಯಾನ!"

ಚೀಲದಿಂದ ವಿಭೂತಿ ಗಟ್ಟಿ ತೆಗೆದೆ. ನನ್ನ ಸೈಕಲ್ಲಿನ ಸೀಟಿನ ಮೇಲೆ ಅದೇ ಮೂರು ಗೆರೆ ಎಳೆದೆ.

"ಇದಕ್ಕೂ ಕಾಯಿ ಒಡೀತೀರೇನ್ರಿ?"

ಯಾರೋ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅಮೃತಪ್ಪನ ಮುಖ ಕೆಂಪಾಯಿತು. "ಯಾರ ಸಲುವಾಗಿ ಹಚ್ಚಿದ್ರಿ?"

ಬಂದೇ ಬಂತು ಆ ಪ್ರಶ್ನೆ.

"ನರ್ಸಬಾಯಿ ಸಲುವಾಗಿ. ಲಾರಿ ಇಲ್ಲದ ಹಾದಿ ಕೇಳಿದ್ರು. ತಪ್ಪಬಾರದು ಅಂತ ಹಚ್ಚೀನಿ."

"ಅಷ್ಟೇ ಏನು ಟಪಾಲಯ್ಯಾ?" ಬೆನ್ನ ಹಿಂದಿನಿಂದ ಒಂದು ಮುದಿ ದನಿ ಕೇಳಿತು. "ಸಚ್ ಬೋಲ್, ಖರೇ ಹೇಳು."

"ಅಷ್ಟೇ ಅಲ್ಲ," ಎಂದೆ.

ತಿರುಗಿ ನೋಡಿದರೆ ನೀಲಾಬಾಯಿಗೆ ಬಾಡಿಗೆ ಮನೆ ಕೊಟ್ಟ ಹಸೀನಾಬೇಗಂ. ಅವರ ಪಕ್ಕದಲ್ಲಿ ಸೊಟ್ಟ ಹ್ಯಾಂಡಲ್ ಹಿಡಿದು, ಬೇಲಿ ಮುರಿಯಲೆಂದೇ ಬಂದ ನೀಲಾಬಾಯಿ. ಅವಳು ನನ್ನ ಕಣ್ಣನ್ನೇ ನೋಡಿದಳು. ಮುಖದಲ್ಲಿ ನಗುವಿರಲಿಲ್ಲ.

"ವಿಧವೀ ಹೆಣ್ಣು!" ಎಂದರು ಅಮೃತಪ್ಪ. "ಇನ್ನ ನಮ್ಮ ಮನಿಗಿ ಪಾದಪೂಜಿಗಿ ನಿಮ್ಮನ್ನ ಕರ್ಯಾದಿಲ್ಲ. ಊರಾಗ ಯಾರೂ ಕರ್ಯಾದಿಲ್ಲ."

"ಕರೀಬ್ಯಾಡ್ರಿ," ಎಂದೆ. "ನಿಮ್ಮ ಸೊಸಿಗಿ ದಿನ ತುಂಬ್ಯಾವ. ನಡುರಾತ್ರಿ ಬ್ಯಾನಿ ಬಂದ್ರ ಯಾರನ್ನ ಕರೀತೀರಿ?"

ಅವರ ಕೈಯ ಊದುಬತ್ತಿ ಬೂದಿ ಉದುರಿಸಿತು. ಕೊನೆಗೆ ಬೈಯುತ್ತಲೇ ಬಗ್ಗಿ ಮುಳ್ಳಿನ ಒಂದು ಟೊಂಗೆ ಎಳೆದು ಬದಿಗೆಸೆದರು. ಒಂದು ಸೈಕಲ್ ಹಾಯುವಷ್ಟು, ಹೆಚ್ಚಿಲ್ಲ. ಹಸೀನಾಬೇಗಂ ಇನ್ನೆರಡು ಟೊಂಗೆ ಎಳೆದರು. ಕಲ್ಲಿನ ಮೇಲಿನ ಕಾಯಿ ಹೂ ಮಾತ್ರ ಹಾಗೇ ಇದ್ದವು.

ನೀಲಾಬಾಯಿ ಮೊದಲು ಹಾದುಹೋದಳು. ನಾನು ಹಿಂದೆ. ಐದನೆಯ ಕಲ್ಲಿನ ಹತ್ತಿರ ಗಕ್ಕನೆ ಕಾಲು ಊರಿದಳು.

"ನನ್ನ ಕಾಗದ?"

"ಚೀಲದಾಗ ಅದ. ಡಬ್ಬಿಗಿ ಬಿದ್ದದ್ದು ಹೊಳ್ಳಿ ಕೊಡಾಕ ನನಗ ಹಕ್ಕಿಲ್ಲ."

"ನಾ ಕೇಳಿದೆನೇನು ಹೊಳ್ಳಿ ಕೊಡ್ರಿ ಅಂತ?" ಕ್ಯಾರಿಯರಿಗೆ ಕಟ್ಟಿದ್ದ ಪೆಟ್ಟಿಗೆ ತೆರೆದು, ಔಷಧಿ ಚೀಟಿಯ ಬೆನ್ನಿಗೆ ಪೆನ್ಸಿಲ್ಲಿನಿಂದ ಎರಡು ಸಾಲು ಗೀಚಿ ನನ್ನ ಕೈಗಿಟ್ಟಳು. ವರ್ಗ ಬೇಡ ಎಂದು ಬರೆದಿತ್ತು. "ಇದೂ ಅದರ ಜೋಡಿ ಹೋಗಲಿ. ಆಫೀಸಿನವರು ನಕ್ಕರ ನಗಲಿ. ಆದ್ರ ನನ್ನ ಸಿಟ್ಟು ಇಳದದ ಅಂತ ತಿಳೀಬ್ಯಾಡ್ರಿ."

"ಇಲ್ಲ."

"ಹನ್ನೆರಡು ಮಂದಿ ಮುಂದ ಅಷ್ಟೇ ಅಲ್ಲ ಅಂದ್ರಿ. ನನ್ನ ಮುಂದ ಏನೂ ಅಂದಿಲ್ಲ." ಅವಳು ಹ್ಯಾಂಡಲ್ಲನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದಿದ್ದಳು. "ಇಲ್ಲಿ ಲಾರಿ ಇಲ್ಲ, ಮಂದಿ ಇಲ್ಲ, ಹಾರ್ನಿನ ಸಪ್ಪಳಾನೂ ಇಲ್ಲ. ಕೇಳಲಿಲ್ಲ ಅಂತ ನಾ ಅನ್ನಂಗಿಲ್ಲ. ಹೇಳ್ರಿ."

ಹೇಳಿದೆ. ಇಡೀ ಹಾದಿಯಲ್ಲಿ ಆ ಒಂದೇ ಸದ್ದು.

ಅವಳು ಮುಖ ಪಕ್ಕಕ್ಕೆ ತಿರುಗಿಸಿದಳು. ತುಟಿಯ ಆ ಒಂದು ಮೂಲೆ ನನಗೆ ಕಂಡಿತು. ಆಮೇಲೆ ಪೆಡಲ್ ತುಳಿದು ಹೋದಳು. ಆರನೆಯ ಕಲ್ಲಿನ ತಿರುವಿನಿಂದ ಬೆಲ್ ಕೇಳಿಸಿತು, ಒಂದಲ್ಲ, ಮೂರು ಸಲ.